ಎರಡು ದಿನಕ್ಕೆ ಖಾಲಿಯಾದ ಜೆಲ್ಲಿ ಟ್ಯೂಬ್: ಹೆರಿಗೆಯ ಹೊಲಿಗೆ ನೋವಿನ ಒಂದು ಪ್ರಕರಣ

"ಅಕ್ಕಾ, ಮಗಳಿಗೆ ಕೊಟ್ಟಿದ್ದ ಜೆಲ್ಲಿ ಖಾಲಿ ಆಯ್ತು. ಇನ್ನೊಂದು ತರಿಸಿಕೊಡ್ತೀರಾ?"

ಕಳೆದ ಆಷಾಢದ ಒಂದು ಸಂಜೆ ಪಕ್ಕದ ಮನೆಯಾಕೆ ಕೊಡೆ ಮಡಚುತ್ತಾ ನಮ್ಮ ಜಗುಲಿಯಲ್ಲಿ ನಿಂತು ಕೇಳಿದ ಮಾತಿದು. ಕೈಯಲ್ಲಿ ತುದಿಯವರೆಗೂ ಹಿಂಡಿದ ಟ್ಯೂಬ್ ಇತ್ತು. 30 ಗ್ರಾಮಿನ ಲಿಗ್ನೊಕೇನ್ ಜೆಲ್ಲಿ, ಶೇಕಡಾ 2ರದ್ದು. ಹಚ್ಚಿದ ಜಾಗವನ್ನು ಮರಗಟ್ಟಿಸುವ ಔಷಧಿ. ಮಗಳು ಹೆರಿಗೆ ಮುಗಿಸಿ ಮನೆಗೆ ಬಂದು ಎರಡು ದಿನ ಆಗಿತ್ತು, ಅಷ್ಟೆ.

ಆಲ್ದೂರು ದಾಟಿ ಒಳಗೆ, ಕಾಫಿ ತೋಟಗಳ ನಡುವೆ ನಮ್ಮ ಊರು. ನಾನು 22 ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಹಾಗಾಗಿ ಸುತ್ತಮುತ್ತಲಿನ ಮನೆಗಳಲ್ಲಿ ಬಾಣಂತಿ ಇದ್ದರೆ ಇಂಥ ಸಣ್ಣಪುಟ್ಟ ಸಹಾಯ ಕೇಳಿಕೊಂಡು ಬರುತ್ತಾರೆ. ಈ ಪ್ರಕರಣವನ್ನು ಆ ಹುಡುಗಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅವಳ ಹೆಸರು, ಆಸ್ಪತ್ರೆಯ ಹೆಸರು ಯಾವುದೂ ಬೇಡ. "ಬರೀರಿ ದೊಡ್ಡಮ್ಮ, ನಂಗೆ ಯಾರೂ ಹೇಳಿರ್ಲಿಲ್ಲ ಅಲ್ವಾ" ಎಂದಳು.

ಆ ಟ್ಯೂಬ್ ನೋಡಿ ನನಗೆ ಮೊದಲು ಹೊಳೆದದ್ದು ಇಷ್ಟು. ಎರಡು ದಿನಕ್ಕೆ 30 ಗ್ರಾಂ ಹಚ್ಚಿಕೊಂಡಿದ್ದಾಳೆ ಎಂದರೆ ಅವಳು ತುಂಬಾ ನೋಯುತ್ತಿದ್ದಾಳೆ. ಮತ್ತು ಆ ಜೆಲ್ಲಿ ಅವಳ ನೋವನ್ನು ಕಳೆಯುತ್ತಿಲ್ಲ. "ಟ್ಯೂಬ್ ಆಮೇಲೆ ನೋಡೋಣ, ಮೊದಲು ಮಗಳನ್ನು ನೋಡ್ತೀನಿ" ಎಂದು ಟಾರ್ಚ್ ಹಿಡಿದು ಅವಳ ಹಿಂದೆಯೇ ಹೊರಟೆ.

ಅಲ್ಲಿಯವರೆಗೆ ಆದದ್ದು

ಹುಡುಗಿಗೆ 24 ವರ್ಷ. ಮೊದಲನೇ ಹೆರಿಗೆ. ಗಂಡನ ಮನೆ ಹಾಸನದ ಕಡೆ. ಬಾಣಂತನಕ್ಕೆಂದು ಏಳನೇ ತಿಂಗಳಲ್ಲೇ ತವರಿಗೆ ಬಂದಿದ್ದಳು. ರಕ್ತದೊತ್ತಡ, ಸಕ್ಕರೆ ಎಲ್ಲ ಸರಿಯಾಗಿತ್ತು. ಪೇಟೆಯ ಒಂದು ಆಸ್ಪತ್ರೆಯಲ್ಲಿ ನಾರ್ಮಲ್ ಹೆರಿಗೆ ಆಯಿತು. ಹೆಣ್ಣು ಮಗು, ತೂಕ 3 ಕೆಜಿ. ಮಗುವಿನ ತಲೆ ಹೊರಬರುವ ಹೊತ್ತಿಗೆ ಕಟ್ ಹಾಕಿದ್ದಾರೆ, ಆಮೇಲೆ ಹೊಲಿಗೆ ಹಾಕಿದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಅಷ್ಟು ಬರೆದಿತ್ತು.

ಕಟ್ ಎಂದರೆ ಯೋನಿಯ ಕೆಳ ಅಂಚಿನಿಂದ ಓರೆಯಾಗಿ, ಗುದದ್ವಾರದಿಂದ ದೂರಕ್ಕೆ ಹೋಗುವ ಹಾಗೆ ಕತ್ತರಿಸುವುದು. ಚರ್ಮ ಮಾತ್ರ ಅಲ್ಲ, ಅದರ ಕೆಳಗಿನ ಮಾಂಸಖಂಡವೂ ಕತ್ತರಿಸುತ್ತದೆ. ತಾನಾಗಿ ಹರಿಯುವ ಗಾಯಗಳನ್ನು ನಾವು ನಾಲ್ಕು ಹಂತ ಮಾಡಿ ಹೇಳುತ್ತೇವೆ. ಬರೀ ಚರ್ಮ ಹರಿದರೆ ಒಂದನೇ ಹಂತ. ಮಾಂಸಖಂಡ ಸೇರಿದರೆ ಎರಡು. ಗುದದ್ವಾರ ಬಿಗಿಹಿಡಿಯುವ ಖಂಡಕ್ಕೆ ಏಟಾದರೆ ಮೂರು. ಗುದನಾಳದ ಒಳಪದರವೂ ಹರಿದರೆ ನಾಲ್ಕು. ಕಟ್ ಹಾಕಿದ ಗಾಯ ಆಳದಲ್ಲಿ ಎರಡನೇ ಹಂತದ ಹಾಗೆಯೇ. ನಾನು ಕೆಲಸ ಕಲಿತ ಕಾಲದಲ್ಲಿ ಚೊಚ್ಚಲು ಎಂದರೆ ಕಟ್ ಹಾಕುವುದೇ ವಾಡಿಕೆ. ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ನಾನೂ ಮಾಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ, ಎಲ್ಲರಿಗೂ ವಾಡಿಕೆಯಾಗಿ ಕಟ್ ಹಾಕುವುದು ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಈ ಹುಡುಗಿಗೆ ಅದು ಬೇಕಿತ್ತೋ ಇಲ್ಲವೋ ಎನ್ನುವುದು ಆ ಹೊತ್ತಿಗೆ ಅಲ್ಲಿದ್ದವರಿಗೆ ಗೊತ್ತು. ಅದನ್ನು ನಾನಿಲ್ಲಿ ಚರ್ಚೆ ಮಾಡುವುದಿಲ್ಲ.

ಮೂರನೇ ದಿನ ಮನೆಗೆ ಕಳಿಸಿದರು. ಮಳೆಗೆ ಕಿತ್ತುಹೋದ ರಸ್ತೆ. ಒಂದೊಂದು ಗುಂಡಿಗೂ ಜೀವ ಹೋದ ಹಾಗೆ ಆಗುತ್ತಿತ್ತಂತೆ. ಕೂರಲಾರದೆ ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಒಂದು ಮಗ್ಗುಲಾಗಿ ಮಲಗಿಕೊಂಡೇ ಬಂದಳು.

ಕೈಯಲ್ಲಿ ಕೊಟ್ಟು ಕಳಿಸಿದ್ದು ಒಂದು ಪಟ್ಟಿ ಪ್ಯಾರಾಸಿಟಮಾಲ್, ಐರನ್ ಮಾತ್ರೆ, ಕ್ಯಾಲ್ಸಿಯಂ ಮತ್ತು ಈ ಜೆಲ್ಲಿ. ಜೆಲ್ಲಿಗೆ "ನೋವಿದ್ದಾಗ ಹಚ್ಚಿಕೊಳ್ಳಮ್ಮ" ಎಂದಿದ್ದರು. ಮಾತ್ರೆಗೆ "ನೋವಾದರೆ ಮಾತ್ರ" ಎಂದಿದ್ದರು. ಎಷ್ಟು, ಎಲ್ಲಿ, ಹೇಗೆ, ಎಷ್ಟು ಹೊತ್ತಿಗೊಮ್ಮೆ ಎಂದು ಯಾರೂ ಕೂರಿಸಿ ಹೇಳಿರಲಿಲ್ಲ. ಬೈಯುವುದಕ್ಕೆ ಬರೆಯುತ್ತಿಲ್ಲ. ವಾರ್ಡಿನಲ್ಲಿ ಒಬ್ಬಳೇ ಸಿಸ್ಟರ್ ಹದಿನೈದು ಹಾಸಿಗೆ ನೋಡುವ ದಿನ ನಾನೂ ಹೀಗೆಯೇ ಹೇಳಿ ಕಳಿಸಿದ್ದೇನೆ. ಆದರೆ ಮುಂದಿನದೆಲ್ಲ ಹುಟ್ಟಿದ್ದು ಆ ಎರಡು ಅರ್ಧ ಮಾತುಗಳಿಂದಲೇ.

ಐದನೇ ದಿನ ಕಂಡದ್ದು

ಬಾಣಂತಿ ಕೋಣೆಯಲ್ಲಿ ಕೆಂಡದ ಬಿಸಿ, ಸಾಂಬ್ರಾಣಿ ಹೊಗೆ. ಹುಡುಗಿ ಹಳೇ ಸೀರೆಯನ್ನು ಸಿಂಬೆ ಮಾಡಿ ಅದರ ಮೇಲೆ ಅರೆಬರೆ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಹಲ್ಲು ಕಚ್ಚಿಕೊಂಡಿದ್ದಳು. ಮಗು ಎರಡು ನಿಮಿಷ ಚೀಪುವಷ್ಟರಲ್ಲಿ ಅವಳಿಗೆ ಕೂರಲು ಆಗದೆ ಬಿಡಿಸಿಕೊಂಡಳು. ಮಗು ಅತ್ತಿತು. ಅವಳೂ ಅತ್ತಳು.

ಅಜ್ಜಿ, ಅಂದರೆ ಹುಡುಗಿಯ ಅಪ್ಪನ ತಾಯಿ, ಬಾಗಿಲಲ್ಲೇ ಕೂತಿದ್ದರು. "ಹೆತ್ತ ಮೇಲೆ ನೋವು ಇದ್ದಿದ್ದೇ ಮಾರಾಯ್ತಿ. ನಾವೇನು ಹೆರಲಿಲ್ವಾ?" ಎಂದರು. ಅಜ್ಜಿಯ ದನಿಯಲ್ಲಿ ಕಾಠಿಣ್ಯ ಇರಲಿಲ್ಲ. ಹೆದರಿಕೆ ಇತ್ತು.

ನಾನು ಹುಡುಗಿಯನ್ನು ನೋವು ಎಷ್ಟಿದೆ ಎಂದು ಕೇಳುವ ಮೊದಲು ಎಂಥ ನೋವು ಎಂದು ಕೇಳಿದೆ. ಇದು ನನ್ನ ಅಭ್ಯಾಸ. ನಮ್ಮ ಹೆಂಗಸರು ಮೊದಲು "ಕೆಳಗಡೆ ನೋವು" ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಾರೆ. ಸ್ವಲ್ಪ ಕಾದರೆ ಸರಿಯಾದ ಮಾತು ಬರುತ್ತದೆ. ಉರಿಯುತ್ತದೆ ಎನ್ನುವುದು ಬೇರೆ. ಜಗ್ಗುತ್ತದೆ ಎನ್ನುವುದು ಬೇರೆ. ಕುರು ಮಿಡಿದ ಹಾಗೆ ಮಿಡಿಯುತ್ತದೆ ಎನ್ನುವುದು ಇನ್ನೂ ಬೇರೆ. ಉರಿ ಸಾಮಾನ್ಯವಾಗಿ ಮೇಲಿನ ಚರ್ಮದ್ದು, ಮೂತ್ರ ತಾಗಿದಾಗ ಜಾಸ್ತಿ. ಜಗ್ಗುವುದು ಒಳಗಿನ ಹೊಲಿಗೆ ಮತ್ತು ಮಾಂಸಖಂಡದ್ದು, ಕೂತಾಗ ಎದ್ದಾಗ ಜಾಸ್ತಿ. ಮಿಡಿಯುವುದು ಬಾವಿನದ್ದು. ಒಳಗೆ ಏನೋ ತುಂಬಿಕೊಳ್ಳುತ್ತಿರಬಹುದು ಎಂದು ಅದು ಹೇಳುತ್ತದೆ.

"ಮೊದಲು ಎರಡು ದಿನ ಉರೀತಿತ್ತು, ಜಗ್ತಿತ್ತು. ನಿನ್ನೆಯಿಂದ ಮಿಡೀತಿದೆ ದೊಡ್ಡಮ್ಮ. ರಾತ್ರಿ ನಿದ್ದೆ ಇಲ್ಲ. ಜೆಲ್ಲಿ ಹಚ್ಚಿದ್ರೆ ತಣ್ಣಗೆ ಅನ್ಸುತ್ತೆ, ಹತ್ತು ನಿಮಿಷ. ಆಮೇಲೆ ಮತ್ತೆ ಶುರು."

ಹತ್ತಕ್ಕೆ ಎಷ್ಟು ಎಂದು ಕೇಳಿದೆ. ಕೂತರೆ ಎಂಟು, ಮಲಗಿದರೆ ಐದು ಎಂದಳು. ಅಜ್ಜಿಗೆ ಈ ಲೆಕ್ಕ ಅರ್ಥವಾಗಲಿಲ್ಲ. "ರೂಪಾಯಿಗೆ ಎಷ್ಟಾಣೆ ಅಂತ ಕೇಳು" ಎಂದರು. ಕೂತರೆ ಹನ್ನೆರಡಾಣೆ ಮೇಲೆಯೇ ಎಂದು ನಾನು ಹೇಳಿದಾಗ ಅಜ್ಜಿ ಸುಮ್ಮನಾದರು.

ಬೇರೆ ವಿಷಯಗಳು ಒಂದೊಂದಾಗಿ ಹೊರಬಂದವು. ಐದು ದಿನದಿಂದ ಮಲ ವಿಸರ್ಜನೆ ಆಗಿಲ್ಲ. ಹೊಲಿಗೆ ಬಿಚ್ಚಿಹೋಗುತ್ತದೆ ಎಂಬ ಹೆದರಿಕೆಗೆ ತಡೆದುಕೊಂಡಿದ್ದಾಳೆ. ನೀರು ದಿನಕ್ಕೆ ಮೂರೋ ನಾಲ್ಕೋ ಲೋಟ. ಹೊಟ್ಟೆ ಬರುತ್ತದೆ ಎಂದು ಮನೆಯವರು ಕಡಿಮೆ ಕೊಡುತ್ತಿದ್ದಾರೆ. ಅವಳೂ ಮೂತ್ರದ ಉರಿಗೆ ಹೆದರಿ ಕೇಳಿಲ್ಲ. ಪ್ಯಾರಾಸಿಟಮಾಲ್ ಪಟ್ಟಿಯಲ್ಲಿ ಎರಡೇ ಮಾತ್ರೆ ಹೋಗಿದ್ದವು. ಹಾಲಿನಲ್ಲಿ ಇಳಿದು ಮಗುವಿಗೆ ಉಷ್ಣ ಆಗುತ್ತದೆ ಎಂದು ಅಜ್ಜಿ ತಡೆದಿದ್ದರು. ಜೆಲ್ಲಿ ಮಾತ್ರ ಹೊರಗಿನ ಔಷಧಿ, ಅದು ಹಾಲಿಗೆ ಹೋಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಹಾಗಾಗಿ ಇಡೀ ನೋವನ್ನು ಆ ಒಂದು ಟ್ಯೂಬಿನ ಮೇಲೆ ಹೊರಿಸಿದ್ದರು. ಗಂಟೆಗೊಮ್ಮೆ, ಕೆಲವೊಮ್ಮೆ ಅರ್ಧ ಗಂಟೆಗೊಮ್ಮೆ ಹಚ್ಚಿಕೊಂಡಿದ್ದಳು. ಪ್ರತಿ ಸಲ ಕೈ ತೊಳೆದುಕೊಂಡು ಹಚ್ಚಿದೆಯಾ ಎಂದರೆ ಸುಮ್ಮನೆ ತಲೆ ತಗ್ಗಿಸಿದಳು.

ಇನ್ನೊಂದು ವಿಷಯ ನನ್ನ ಮೂಗಿಗೆ ಮೊದಲು ಗೊತ್ತಾಯಿತು. ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಹಳೇ ಪಂಚೆ ಹರಿದು ಮಾಡಿದ ಬಟ್ಟೆಗಳು ನೇತಾಡುತ್ತಿದ್ದವು. ಮಲೆನಾಡಿನ ಆಷಾಢದಲ್ಲಿ ಬಟ್ಟೆ ಒಣಗುವುದು ಹೇಗೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಹೊಗೆ ವಾಸನೆ ಹತ್ತುತ್ತದೆ, ಒಣಗುವುದಿಲ್ಲ. ಮುಟ್ಟಿ ನೋಡಿದೆ. ತೇವ ಇತ್ತು. ಅವನ್ನೇ ಅವಳು ಪ್ಯಾಡ್ ಹಾಗೆ ಇಟ್ಟುಕೊಳ್ಳುತ್ತಿದ್ದಳು. ಒಳಗೆ ಜೆಲ್ಲಿಯ ಒದ್ದೆ, ಹೊರಗೆ ಬಟ್ಟೆಯ ಒದ್ದೆ. ಗಾಯ ಒಣಗುವುದಕ್ಕೆ ಐದು ದಿನದಲ್ಲಿ ಒಂದು ಗಂಟೆಯೂ ಸಿಕ್ಕಿರಲಿಲ್ಲ.

ಕೈ ತೊಳೆದು, ಗ್ಲೌಸ್ ಹಾಕಿ, ಅವಳ ಅಮ್ಮನ ಕೈಗೆ ಟಾರ್ಚ್ ಕೊಟ್ಟು ನೋಡಿದೆ. ಮನೆಗೆ ಬಂದ ಮೇಲೆ ಆ ಗಾಯವನ್ನು ಯಾರೂ ನೋಡಿರಲಿಲ್ಲ. ಅಮ್ಮನಿಗೆ ಸಂಕೋಚ, ಮಗಳಿಗೆ ನಾಚಿಕೆ.

ಇಂಥ ಗಾಯದಲ್ಲಿ ಐದು ವಿಷಯ ನೋಡಬೇಕೆಂದು ನಮಗೆ ಕಲಿಸಿದ್ದರು. 1974ರಿಂದ ಬಳಕೆಯಲ್ಲಿರುವ ರೀಡಾ ಎಂಬ ಅಳತೆ ಅದು. ಕೆಂಪು, ಬಾವು, ರಕ್ತ ಹೆಪ್ಪುಗಟ್ಟಿದ ನೀಲಿ, ಸೋರುವಿಕೆ, ಅಂಚುಗಳು ಕೂಡಿಕೊಂಡಿವೆಯೇ ಎನ್ನುವುದು. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ. ಅವಳಿಗೆ ಕೆಂಪು ಮತ್ತು ಬಾವು ಎರಡೂ ಇತ್ತು. ನೀಲಿ ಇರಲಿಲ್ಲ. ಹೊಲಿಗೆಯ ಕೆಳತುದಿಯಲ್ಲಿ ಅಂಚು ಒಂದಿಷ್ಟು ಬಿಟ್ಟುಕೊಂಡು ಹಳದಿ ನೀರು ಸೋರುತ್ತಿತ್ತು. ಕೆಟ್ಟ ವಾಸನೆ ಇರಲಿಲ್ಲ. ಜ್ವರ 99.8. ಹೊಟ್ಟೆ ಮೆತ್ತಗಿತ್ತು, ಹೆರಿಗೆಯ ರಕ್ತಸ್ರಾವ ಮಾಮೂಲಿನಂತಿತ್ತು.

"ನಾಳೆ ಬೆಳಿಗ್ಗೆ ಡಾಕ್ಟರಿಗೆ ತೋರಿಸಬೇಕು" ಎಂದೆ. "ರಾತ್ರಿ ಚಳಿಜ್ವರ ಬಂದರೆ ಬೆಳಿಗ್ಗೆವರೆಗೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ನನ್ನನ್ನೂ ಎಬ್ಬಿಸಿ."

ಜೆಲ್ಲಿ ಮಾಡುವುದೆಷ್ಟು

ಆ ರಾತ್ರಿ ಹುಡುಗಿ ಕೇಳಿದ ಒಂದು ಪ್ರಶ್ನೆ ತುಂಬಾ ಸರಿಯಾದದ್ದು. "ಹೊಲಿಗೆ ಹಾಕುವಾಗ ಇಂಜೆಕ್ಷನ್ ಕೊಟ್ರು. ಅದೂ ಇದೇ ಔಷಧಿ ಅಂದ್ರು. ಆಗ ಸೂಜಿ ಚುಚ್ಚಿದ್ದೇ ಗೊತ್ತಾಗ್ಲಿಲ್ಲ. ಈಗ ಯಾಕೆ ಕೇಳಲ್ಲ?"

ಔಷಧಿ ಅದೇ, ನಿಜ. ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾಗಿ, 1948ರಿಂದ ಬಳಕೆಗೆ ಬಂದ ಲಿಗ್ನೊಕೇನ್. ನೋವಿನ ಸುದ್ದಿ ನರದಲ್ಲಿ ಹರಿಯಬೇಕಾದರೆ ಸೋಡಿಯಂ ಕಣಗಳು ನರದ ಒಳಗೆ ನುಗ್ಗಬೇಕು. ಲಿಗ್ನೊಕೇನ್ ಆ ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಸುದ್ದಿ ಮುಂದೆ ಹೋಗುವುದಿಲ್ಲ. ಆದರೆ ಔಷಧಿ ನರದ ಹತ್ತಿರ ಮುಟ್ಟಬೇಕಲ್ವಾ? ಇಂಜೆಕ್ಷನ್ನಿನಲ್ಲಿ ಸೂಜಿ ಅದನ್ನು ಮಾಂಸಖಂಡದವರೆಗೂ ಒಯ್ಯುತ್ತದೆ. ಜೆಲ್ಲಿ ಮೇಲ್ಮೈಯಲ್ಲೇ ಉಳಿಯುತ್ತದೆ. ಗಟ್ಟಿ ಚರ್ಮದ ಮೂಲಕ ಅದು ಹೆಚ್ಚು ಇಳಿಯುವುದೂ ಇಲ್ಲ. ಅಂದರೆ ಉರಿಗೆ ಅದು ಸ್ವಲ್ಪ ಕೇಳಬಹುದು. ಜಗ್ಗುವ ನೋವಿಗೆ ಕೈ ಎಟುಕುವುದಿಲ್ಲ. ಮಿಡಿಯುವ ನೋವಿಗಂತೂ ಇಲ್ಲವೇ ಇಲ್ಲ.

ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ. ಹೆರಿಗೆಯ ನಂತರದ ಈ ನೋವಿಗೆ ಹಚ್ಚುವ ಅರಿವಳಿಕೆಗಳ ಬಗ್ಗೆ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2005ರಲ್ಲಿ ಒಂದು ಪರಿಶೀಲನೆ ಪ್ರಕಟಿಸಿತು. ಅದರಲ್ಲಿ 8 ಪ್ರಯೋಗಗಳು, ಒಟ್ಟು 976 ಹೆಂಗಸರು. ಲಿಗ್ನೊಕೇನ್, ಸಿಂಕೊಕೇನ್, ಹೈಡ್ರೊಕಾರ್ಟಿಸೋನ್ ಸೇರಿಸಿದ ಪ್ರಮಾಕ್ಸಿನ್, ಹೀಗೆ ಬೇರೆ ಬೇರೆ ಔಷಧಿಗಳನ್ನು ನೋಡಿದ್ದರು. ಇವು ಈ ನೋವನ್ನು ಇಳಿಸುತ್ತವೆ ಎನ್ನುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ನಾನು ಕೆಲಸದಲ್ಲಿದ್ದಾಗಲೇ ಇದು ಬಂದಿತ್ತು. ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ಎಷ್ಟು ಟ್ಯೂಬ್ ಕೊಟ್ಟು ಕಳಿಸಿದ್ದೇನೋ.

ಇಷ್ಟು ಹೇಳಿ ಜೆಲ್ಲಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಡಾಕ್ಟರು ಹೇಳಿದ್ದರೆ, ಗಾಯ ಚೆನ್ನಾಗಿದ್ದು ಮೇಲೆ ಉರಿ ಮಾತ್ರ ಇದ್ದರೆ, ತೊಳೆದ ಬೆರಳಿನಲ್ಲಿ ತೆಳ್ಳಗೆ ಹಚ್ಚಿಕೊಳ್ಳಬಹುದು. ಹಾಲು ಕುಡಿಸುವ ತಾಯಿಗೆ ಅದರಿಂದ ತೊಂದರೆ ಇಲ್ಲ, ಹಾಲಿಗೆ ಹೋಗುವುದು ತೀರಾ ಕಡಿಮೆ. ಆದರೆ ಹೊರಗಿನ ಔಷಧಿ ಒಳಗೆ ಹೋಗುವುದೇ ಇಲ್ಲ ಎಂಬ ನಂಬಿಕೆ ತಪ್ಪು. ಹಸಿ ಗಾಯ, ಒಳಚರ್ಮ ಇವು ಅದನ್ನು ರಕ್ತಕ್ಕೆ ಎಳೆದುಕೊಳ್ಳುತ್ತವೆ. ಶೇಕಡಾ 2 ಎಂದರೆ ಗ್ರಾಮಿಗೆ 20 ಮಿಲಿಗ್ರಾಂ. ಇಡೀ ಟ್ಯೂಬಿಗೆ 600 ಮಿಲಿಗ್ರಾಂ. 12 ಗಂಟೆಯಲ್ಲಿ ಇದಕ್ಕಿಂತ ಹೆಚ್ಚು ಬಳಸಬಾರದು ಎಂಬುದು ಜೆಲ್ಲಿಯ ಮಿತಿ. ಅವಳು ಎರಡು ದಿನಕ್ಕೆ ಅಷ್ಟು ಬಳಸಿದ್ದಳು. ಮಿತಿಯೊಳಗೇ ಇತ್ತು. ಆದರೂ ತುಟಿ ಸುತ್ತ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್‌ಗುಡುವುದು, ತಲೆಸುತ್ತು ಇದೆಯಾ ಎಂದು ಕೇಳಿದೆ. ಇರಲಿಲ್ಲ. ಜಾಸ್ತಿಯಾದರೆ ಮೊದಲು ಕಾಣುವುದು ಇವೇ. ತೀರಾ ಜಾಸ್ತಿಯಾದರೆ ಫಿಟ್ಸ್ ಬರುತ್ತದೆ. ಸೋಂಕು ಹತ್ತಿದ ಜಾಗಕ್ಕೆ ಹಚ್ಚುವಾಗ ತುಂಬಾ ಎಚ್ಚರ ಬೇಕು ಎಂದು ಔಷಧಿಯ ಮಾಹಿತಿ ಹಾಳೆಯಲ್ಲೇ ಇರುತ್ತದೆ. ಹಾಗಾಗಿ ಎರಡನೇ ಟ್ಯೂಬ್ ನಾನು ತರಿಸಲಿಲ್ಲ.

ನನ್ನ ನಿಜವಾದ ಭಯ ಬೇರೆ. ಹಿಂದೆ ನಾನಿದ್ದ ಒಂದು ವಾರ್ಡಿನಲ್ಲಿ ಹೆರಿಗೆಯಾಗಿ ಎರಡು ಗಂಟೆಗೆ ಒಬ್ಬಾಕೆ ನೋವು ನೋವು ಎಂದು ಕೂಗತೊಡಗಿದಳು. ಮಲಕ್ಕೆ ಒತ್ತಿ ಬಂದ ಹಾಗೆ ಆಗುತ್ತದೆ ಎಂದಳು. ಹೊಲಿಗೆ ನೋವು ಎಂದು ಜೆಲ್ಲಿ ಹಚ್ಚಿದೆವು. ಅರ್ಧ ಗಂಟೆಯ ಮೇಲೆ ನೋಡಿದರೆ ಒಂದು ಪಕ್ಕ ನೇರಳೆ ಬಣ್ಣಕ್ಕೆ ಊದಿಕೊಂಡಿತ್ತು. ಒಳಗೆ ರಕ್ತ ಕಟ್ಟುತ್ತಿತ್ತು. ಆಪರೇಷನ್ ಥಿಯೇಟರಿಗೆ ಒಯ್ದು ಬಿಡಿಸಿ, ರಕ್ತ ಕೊಟ್ಟು ಉಳಿಸಿದರು. ಆಕೆಯ ಮುಖ ನನಗೆ ಇಂದಿಗೂ ಮರೆತಿಲ್ಲ. ಗಂಟೆಗಂಟೆಗೆ ಏರುವ ನೋವು ಕಂಡರೆ ನಾನು ಈಗ ಮೊದಲು ಬೆಳಕು ಹಿಡಿದು ನೋಡುತ್ತೇನೆ.

ತಾಲ್ಲೂಕು ಆಸ್ಪತ್ರೆಯಲ್ಲಿ

ಬೆಳಿಗ್ಗೆ ಜೀಪಿನಲ್ಲಿ ಹೊರಟೆವು. ಡಾಕ್ಟರಮ್ಮ ತಾಳ್ಮೆಯಿಂದ ನೋಡಿದರು. ಗುದದ್ವಾರದ ಖಂಡ ಗಟ್ಟಿಯಾಗಿದೆಯೇ ಎಂದೂ ಪರೀಕ್ಷೆ ಮಾಡಿದರು. ಅದು ಸರಿಯಾಗಿತ್ತು. ಸೋಂಕು ಮೇಲುಮೇಲೆ ಇದೆ, ಕೆಳತುದಿಯ ಒಂದು ಹೊಲಿಗೆ ಬಿಗಿಯಾಗಿ ಬಾವಿನಲ್ಲಿ ಹೂತುಹೋಗಿದೆ ಎಂದರು. ಆ ಒಂದು ಹೊಲಿಗೆ ತೆಗೆದು ತೊಳೆದರು. ಒಂದಿಷ್ಟು ಕೀವು ಬಂತು. ಮತ್ತೆ ಹೊಲಿಯುವುದು ಬೇಡ, ತಾನೇ ಕೂಡುತ್ತದೆ ಎಂದರು. ಉಳಿದವು ಕರಗುವ ದಾರ. ಬಿಚ್ಚಿಸಬೇಕಿಲ್ಲ.

ಸೋಂಕಿಗೆ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಮಾತ್ರೆ ಬರೆದರು. ನೋವಿಗೆ ಪ್ಯಾರಾಸಿಟಮಾಲ್ 650, ಆರು ಗಂಟೆಗೊಮ್ಮೆ. ಜೊತೆಗೆ ಐಬುಪ್ರೊಫೆನ್ 400, ಊಟದ ಮೇಲೆ, ದಿನಕ್ಕೆ ಮೂರು ಸಲ. ಅವಳಿಗೆ ಅಲ್ಸರ್, ಆಸ್ತಮಾ, ಕಿಡ್ನಿ ತೊಂದರೆ ಇಲ್ಲ ಎಂದು ಕೇಳಿಕೊಂಡೇ ಬರೆದರು. ಮಲ ಮೆತ್ತಗಾಗಲು ಲ್ಯಾಕ್ಟುಲೋಸ್ ಸಿರಪ್. ಈ ಯಾವುದಕ್ಕೂ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ. ಜೆಲ್ಲಿ ಬಂದ್.

"ನೋವು ಬಂದ ಮೇಲೆ ನುಂಗಬೇಡ. ಗಡಿಯಾರ ನೋಡಿ ನುಂಗು" ಎಂದು ಡಾಕ್ಟರಮ್ಮ ಹೇಳಿದ ಮಾತು ನನಗೆ ತುಂಬಾ ಹಿಡಿಸಿತು. ಈ ನೋವಿಗೆ ಮಾತ್ರೆ ಬೇಕಾದರೆ ಮೊದಲು ಪ್ಯಾರಾಸಿಟಮಾಲ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2022ರ ಸೂಚನೆಯಲ್ಲಿ ಹೇಳಿದೆ. ಹೆರಿಗೆಯಾದ ಹೊಸದರಲ್ಲಿ ತಣ್ಣನೆಯ ಪ್ಯಾಕ್ ಇಡಬಹುದು ಎಂದೂ ಹೇಳಿದೆ. ಅಷ್ಟು ಅಗ್ಗದ ಮಾತ್ರೆ ಮನೆಯಲ್ಲೇ ಇತ್ತು. ಎರಡು ದಿನ ಡಬ್ಬಿಯಲ್ಲಿ ಕೂತಿತ್ತು.

ಅಜ್ಜಿಯ ಒಪ್ಪಿಗೆ

ಔಷಧಿ ಬರೆಸಿಕೊಂಡು ಬರುವುದು ಸುಲಭ. ಬಾಣಂತಿ ಮನೆಯ ನಿಯಮ ಬದಲಿಸುವುದು ಕಷ್ಟ. ಅಜ್ಜಿಯನ್ನು ಮೀರಿ ನಾನು ಏನು ಮಾಡಿದರೂ ನಾನು ಹೊರಟ ಕೂಡಲೇ ಹಳೆಯದೇ ನಡೆಯುತ್ತದೆ. ಅದಕ್ಕೆ ಮೊದಲು ಅಜ್ಜಿಯ ಹತ್ತಿರವೇ ಕೂತೆ.

ಐಸ್ ವಿಷಯ ಎತ್ತಲೇ ಇಲ್ಲ. ಬಾಣಂತಿಗೆ ಶೀತ ಎಂದರೆ ಅಜ್ಜಿಯ ಜೀವ ಹೋಗುತ್ತದೆ. ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಐಸ್ ಇಟ್ಟರೆ ಬಾವು ಏರದಂತೆ ತಡೆಯಬಹುದಿತ್ತು. ಅದು ಮೊದಲ ಒಂದೆರಡು ದಿನಕ್ಕೆ. ಆ ಹೊತ್ತು ದಾಟಿಹೋಗಿತ್ತು. ಸುಮ್ನೆ ಜಗಳ ಯಾಕೆ?

ಬದಲಿಗೆ ಅಜ್ಜಿಯ ಹಂಡೆಯನ್ನೇ ಹಿಡಿದೆ. "ಅಜ್ಜಿ, ನಿಮ್ಮ ಬಿಸಿನೀರೇ ಔಷಧಿ. ಆದರೆ ಸುಡಬಾರದು. ಮೊಣಕೈ ಅದ್ದಿದರೆ ಹಿತ ಅನ್ನಿಸಬೇಕು, ಅಷ್ಟು" ಎಂದೆ. ಅಗಲ ಪ್ಲಾಸ್ಟಿಕ್ ಟಬ್ ತೊಳೆದು ಕುದಿಸಿ ಆರಿಸಿದ ನೀರು ತುಂಬಿ, ದಿನಕ್ಕೆ ಎರಡು ಸಲ ಹತ್ತು ನಿಮಿಷ ಕೂರಿಸುವ ಕೆಲಸ ಅಜ್ಜಿಯದ್ದಾಯಿತು. ಒರೆಸಬೇಡಿ, ಒತ್ತಿ ಆರಿಸಿ ಎಂದು ಹೇಳಿಕೊಟ್ಟೆ. ಮೂತ್ರ ಮಾಡುವಾಗ ಚೊಂಬಿನಿಂದ ಉಗುರುಬೆಚ್ಚಗಿನ ನೀರು ಸುರಿದುಕೊಳ್ಳುವುದೂ ಅಜ್ಜಿಗೆ ಇಷ್ಟವಾಯಿತು. ಮೂತ್ರ ತೆಳುವಾಗಿ ಉರಿ ತಗ್ಗುತ್ತದೆ. ತೊಳೆಯುವುದು ಯಾವಾಗಲೂ ಮುಂದಿನಿಂದ ಹಿಂದಕ್ಕೆ.

ನೀರಿನ ವಿಷಯದಲ್ಲಿ ಅಜ್ಜಿ ಪಟ್ಟು ಬಿಡಲಿಲ್ಲ. ಹೊಟ್ಟೆ ಬರುತ್ತದೆ ಎಂಬುದನ್ನು ಅವರು ಅರವತ್ತು ವರ್ಷದಿಂದ ನಂಬಿದ್ದಾರೆ. ನಾನು ಹಸುವಿನ ಮಾತು ತೆಗೆದೆ. "ಕರು ಹಾಕಿದ ದನಕ್ಕೆ ಕಲಗಚ್ಚು ಕಡಿಮೆ ಮಾಡ್ತೀರಾ?" ಅಜ್ಜಿ ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ "ಜೀರಿಗೆ ಹಾಕಿ ಕುದಿಸಿದ ನೀರಾದ್ರೆ ಕೊಡಬಹುದು" ಎಂದರು. ಜೀರಿಗೆ ನೀರೇ ಇರಲಿ. ದಿನಕ್ಕೆ ಹತ್ತು ಲೋಟ ಎಂದು ಒಪ್ಪಂದ ಆಯಿತು. ನಂಜು ಎಂದು ಸೊಪ್ಪು ತರಕಾರಿ ಎಲ್ಲ ನಿಲ್ಲಿಸಿ ಬರೀ ಅನ್ನ, ಮೆಣಸಿನ ಸಾರು ಕೊಡುತ್ತಿದ್ದರು. ಸಬ್ಬಸಿಗೆ ಸೊಪ್ಪಿಗೆ ಅಡ್ಡಿ ಇರಲಿಲ್ಲ. ಅದರಿಂದ ಶುರು ಮಾಡಿದೆವು.

ಬಟ್ಟೆಯ ಬಗ್ಗೆ ಮಾತ್ರ ನಾನು ಖಡಾಖಂಡಿತವಾಗಿ ಹೇಳಿದೆ. ಮಳೆ ಮುಗಿಯುವವರೆಗೆ ಬಟ್ಟೆ ಬೇಡ. ಅಂಗಡಿಯ ಪ್ಯಾಡ್, ನಾಲ್ಕು ಗಂಟೆಗೊಮ್ಮೆ ಬದಲು. ಮಧ್ಯಾಹ್ನ ಬಾಗಿಲು ಹಾಕಿ ಒಂದರ್ಧ ಗಂಟೆ ಪ್ಯಾಡ್ ಇಲ್ಲದೆ ಮಲಗುವುದು, ಗಾಯಕ್ಕೆ ಗಾಳಿಯಾಡಲಿ. ಸಿಂಬೆ ತೆಗೆಸಿದೆ. ಅದರ ಮೇಲೆ ಕೂತರೆ ನಡುವಿನ ಜಾಗ ಕೆಳಗೆ ಜೋತು ಬಿದ್ದು ಇನ್ನೂ ಜಗ್ಗುತ್ತದೆ ಎಂದು ಅವಳೇ ಹೇಳಿದ್ದಳು. ಮಗ್ಗುಲಾಗಿ ಮಲಗಿ ಹಾಲು ಕೊಡುವುದನ್ನು ತೋರಿಸಿದೆ. ಬೆನ್ನ ಹಿಂದೆ ಒಂದು ದಿಂಬು, ಮಂಡಿಗಳ ನಡುವೆ ಒಂದು ದಿಂಬು. ಮಗುವಿನ ಮೂಗು ಮೊಲೆತೊಟ್ಟಿನ ನೇರಕ್ಕೆ. ಆ ರಾತ್ರಿ ಮಗು ಮೊದಲ ಸಲ ಇಪ್ಪತ್ತು ನಿಮಿಷ ಬಿಡದೆ ಕುಡಿಯಿತು.

ದಿನದ ಲೆಕ್ಕ

ಏಳನೇ ದಿನ ಆಶಾ ಕಾರ್ಯಕರ್ತೆ ಮಗುವನ್ನು ತೂಗಿದರು. 2 ಕೆಜಿ 750 ಗ್ರಾಂ. ಹುಟ್ಟಿದ ಮೊದಲ ವಾರದಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಹತ್ತರಲ್ಲಿ ಒಂದು ಪಾಲಿನ ಹತ್ತಿರ ಇಳಿದರೆ ಹಾಲು ಸಾಕಾಗುತ್ತಿದೆಯಾ ಎಂದು ನೋಡಬೇಕು. ಈ ಮಗು ಆ ಗೆರೆಯ ಹತ್ತಿರ ಇತ್ತು. ತಾಯಿಯ ಹೊಲಿಗೆ ನೋವು ಮಗುವಿನ ತಕ್ಕಡಿಯಲ್ಲಿ ಕಾಣುತ್ತದೆ ಎಂದು ನಾನು ಆಶಾಗೂ ಹೇಳಿದೆ. ಮಗು ನೋಡಲು ಬಂದಾಗಲೆಲ್ಲ ತಾಯಿಯನ್ನೂ ಕೇಳು, "ಮಿಡಿಯುತ್ತಾ?" ಎಂದು ಕೇಳು ಎಂದೆ. ಆಕೆ ಆ ಮಾತನ್ನು ತನ್ನ ಡೈರಿಯಲ್ಲಿ ಬರೆದುಕೊಂಡಳು.

ಅದೇ ದಿನ ಕೂತಾಗಿನ ನೋವು ಹತ್ತಕ್ಕೆ ಐದಕ್ಕೆ ಇಳಿದಿತ್ತು. ಮಿಡಿತ ನಿಂತಿತ್ತು. ಎಂಟನೇ ದಿನ ಬೆಳಿಗ್ಗೆ ಮಲ ವಿಸರ್ಜನೆ ಆಯಿತು. ಹೋಗುವ ಮೊದಲು ಅವಳು ನನ್ನನ್ನು ಕರೆಸಿದ್ದಳು. ಬಾಗಿಲ ಹೊರಗೆ ನಿಂತು ಹೇಳಿದೆ. ಶುದ್ಧ ಪ್ಯಾಡನ್ನು ಹೊಲಿಗೆಯ ಮೇಲೆ ಮೆತ್ತಗೆ ಒತ್ತಿ ಹಿಡಿ, ಉಸಿರು ಕಟ್ಟಬೇಡ, ತಿಣುಕಬೇಡ, ಬಾಯಿಯಿಂದ ಉಸಿರು ಬಿಡು. ಹೊಲಿಗೆ ಬಿಚ್ಚಲಿಲ್ಲ. ಹೊರಗೆ ಬಂದಾಗ ಅವಳ ಮುಖದಲ್ಲಿ ಕಂಡ ನೆಮ್ಮದಿಯನ್ನು ಯಾವ ಅಳತೆಯಲ್ಲಿ ಬರೆಯಲಿ?

ಹತ್ತನೇ ದಿನ ಐಬುಪ್ರೊಫೆನ್ ನಿಲ್ಲಿಸಿದೆವು. ಹನ್ನೆರಡನೇ ದಿನ ಪ್ಯಾರಾಸಿಟಮಾಲ್ ರಾತ್ರಿ ಒಂದಕ್ಕೆ ಇಳಿಯಿತು. ಹದಿನಾಲ್ಕನೇ ದಿನ ನೋಡಿದಾಗ ಕೆಂಪು ಇಲ್ಲ, ಬಾವು ಇಲ್ಲ. ಕೆಳತುದಿಯಲ್ಲಿ ಕಡಲೆಕಾಳಿನಷ್ಟು ಜಾಗ ಮಾತ್ರ ಇನ್ನೂ ಹಸಿಯಾಗಿ ತುಂಬಿಕೊಳ್ಳುತ್ತಿತ್ತು. ಮಗು 3 ಕೆಜಿ 50 ಗ್ರಾಂ. "ಈಗ ಎಷ್ಟಾಣೆ?" ಎಂದು ಅಜ್ಜಿಯೇ ಕೇಳಿದರು. ಎರಡಾಣೆ ಎಂದಳು.

ನಲವತ್ತೆರಡನೇ ದಿನ ಡಾಕ್ಟರಮ್ಮ ಮತ್ತೆ ನೋಡಿದರು. ಗಾಯ ಪೂರ್ತಿ ಕೂಡಿತ್ತು. ಗಾಳಿ, ಮಲ ತಡೆಯುವುದರಲ್ಲಿ ತೊಂದರೆ ಇಲ್ಲ. ಚಕ್ಕಳಮಕ್ಕಳ ಹಾಕಿ ತುಂಬಾ ಹೊತ್ತು ಕೂತರೆ ಹೊಲಿಗೆಯ ಜಾಗ ಸ್ವಲ್ಪ ಜಗ್ಗುತ್ತದೆ ಎಂದಳು. ಕೆಳಗಿನ ಖಂಡಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. ಗಂಡನ ಜೊತೆ ಸೇರುವ ಬಗ್ಗೆ ಅವಳು ಕೇಳಲು ನಾಚಿದಳು, ಡಾಕ್ಟರಮ್ಮನೇ ಹೇಳಿದರು: ಅವಸರ ಇಲ್ಲ, ನೋವಿಲ್ಲ ಎಂದು ನಿನಗೆ ಅನ್ನಿಸಿದಾಗ, ಆಗಲೂ ನೋವಾದರೆ ಬಂದು ತೋರಿಸು.

ಮೂರು ತಿಂಗಳು ತುಂಬಿದ ಮೇಲೆ ಹಾಸನಕ್ಕೆ ಹೊರಟಳು. ರಸ್ತೆಯ ಗುಂಡಿಗಳು ಹಾಗೆಯೇ ಇದ್ದವು. ಮುಂದಿನ ಸೀಟಿನಲ್ಲಿ ಗಂಡ, ಹಿಂದೆ ಅವಳು ನೆಟ್ಟಗೆ ಕೂತು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಅಜ್ಜಿ ಕಾರಿನ ಕಿಟಕಿಯಿಂದ ಜೀರಿಗೆಯ ಒಂದು ಪೊಟ್ಟಣ ಒಳಗೆ ಕೊಟ್ಟರು.